ಗುಡ್ಡ ಬೇಡ, ಕೆರೆ ಏರಿ ಸಾಕು: ಹಾಸನದಿಂದ ನಾಲ್ಕು ದಿನದ ನಿಧಾನದ ಸುತ್ತು

ಪ್ರಶ್ನೆ: ನಾವು ಹಾಸನದವರು. ಡಿಸೆಂಬರ್ ಕೊನೆಯಲ್ಲಿ ನಾಲ್ಕು ದಿನ ರಜೆ ಸಿಗುತ್ತಿದೆ. ನಾನು, ಯಜಮಾನ್ರು, 10 ವರ್ಷದ ಮಗಳು, 70 ದಾಟಿದ ಅತ್ತೆ. ಒಂದು ಸಣ್ಣ ಕಾರು. ಮುಳ್ಳಯ್ಯನಗಿರಿ, ಬೇಲೂರು ಎಲ್ಲ ನೋಡಿ ಆಗಿದೆ. ಅತ್ತೆಗೆ ಮಂಡಿನೋವು, ಹತ್ತಿ ಇಳಿಯೋದು ಆಗಲ್ಲ. ರೆಸಾರ್ಟ್‌ಗೆ ದುಡ್ಡು ಸುರಿಯೋ ಮನಸ್ಸೂ ಇಲ್ಲ. ಕೆರೆ ಪಕ್ಕದ ಸಣ್ಣ ಊರುಗಳು, ಜನ ಜಾಸ್ತಿ ಹೋಗದ ಜಾಗಗಳು, ಆರಾಮವಾಗಿ ಸುತ್ತಿ ಬರೋ ಹಾಗೆ ಒಂದು ದಾರಿ ಹೇಳ್ತೀರಾ? ಶೆಟ್ಟಿಹಳ್ಳಿ ಚರ್ಚನ್ನೂ ಅದರಲ್ಲೇ ಸೇರಿಸಬಹುದಾ?

ಉತ್ತರ: ಖಂಡಿತ ಹೇಳ್ತೀನಿ. ಆದರೆ ಮೊದಲು ಕಾರು ಯಾವ ಕಡೆ ತಿರುಗಬೇಕು ಅನ್ನೋದನ್ನು ತೀರ್ಮಾನ ಮಾಡಿಕೊಳ್ಳಿ. ರಜೆ ಅಂದ ಕೂಡಲೇ ನಮ್ಮ ಕಡೆಯವರೆಲ್ಲ ಪಶ್ಚಿಮಕ್ಕೇ ಹೊರಡುತ್ತಾರೆ. ಸಕಲೇಶಪುರ, ಮೂಡಿಗೆರೆ, ಇಲ್ಲವೇ ಮುಳ್ಳಯ್ಯನಗಿರಿ, ಬಾಬಾಬುಡನ್ ಗಿರಿಯ ಗಿರಿಸಾಲು. ವರ್ಷದ ಕೊನೆಯ ವಾರ ಗಿರಿಗೆ ಹತ್ತುವ ದಾರಿಯ ಕೈಮರದ ಚೆಕ್‌ಪೋಸ್ಟ್ ಮುಂದೆ ವಾಹನಗಳು ಹೇಗೆ ಸಾಲುಗಟ್ಟಿ ನಿಲ್ಲುತ್ತವೆ ಅಂತ ನಿಮಗೇ ಗೊತ್ತಲ್ವಾ. ಡಿಸೆಂಬರ್‌ನಲ್ಲಿ ದತ್ತ ಜಯಂತಿಯೂ ಬರುತ್ತದೆ. ಆ ದಿನಗಳಲ್ಲಿ ಗಿರಿ ಕಡೆ ಪ್ರವಾಸಿಗರನ್ನು ಬಿಡುವುದಿಲ್ಲ, ಚಿಕ್ಕಮಗಳೂರು ಪೇಟೆಯಲ್ಲೂ ಪೊಲೀಸ್ ಬಂದೋಬಸ್ತ್ ಜೋರಾಗಿರುತ್ತದೆ. ದಿನಾಂಕ ನೋಡಿಕೊಂಡು ಹೊರಡಿ.

ನೀವು ಉತ್ತರಕ್ಕೆ ಹೋಗಿ. ಹಾಸನದಿಂದ ದೊಡ್ಡಗದ್ದವಳ್ಳಿ, ಹಳೇಬೀಡು. ಅಲ್ಲಿಂದ ಬೆಳವಾಡಿ, ಜಾವಗಲ್, ಸಖರಾಯಪಟ್ಟಣ. ಆಮೇಲೆ ಕಡೂರು, ಬೀರೂರು ದಾಟಿ ತರೀಕೆರೆ. ವಾಪಸ್ ಬರುವಾಗ ಬಾಣಾವರ, ಅರಸೀಕೆರೆ, ಹಾರನಹಳ್ಳಿ ಮೇಲೆ ಮನೆಗೆ. ಎಲ್ಲ ಸೇರಿ 300-350 ಕಿಲೋಮೀಟರ್ ಆಗಬಹುದು. ನಾಲ್ಕು ದಿನಕ್ಕೆ ಹಂಚಿದರೆ ದಿನಕ್ಕೆ ನೂರು ಕಿಲೋಮೀಟರ್ ಕೂಡ ಆಗುವುದಿಲ್ಲ. ನಿಧಾನ ಅಂದರೆ ಇಷ್ಟೇ ಇರಬೇಕು. ದಿನಕ್ಕೆ ಐದು ಜಾಗ ತುರುಕಿದರೆ ಅತ್ತೆಯವರ ಮಂಡಿಗಿಂತ ಮುಂಚೆ ನಿಮ್ಮ ತಲೆ ನೋಯುತ್ತದೆ.

ಈ ಕಡೆ ಕೆರೆಗಳು ಇಷ್ಟೊಂದು ಯಾಕೆ ಅಂತ ಮಗಳು ಕೇಳುತ್ತಾಳೆ, ಉತ್ತರ ಇಟ್ಟುಕೊಂಡಿರಿ. ಮುಂಗಾರು ಮೋಡ ಪಶ್ಚಿಮಘಟ್ಟಕ್ಕೂ ಬಾಬಾಬುಡನ್ ಗಿರಿಗೂ ಮಳೆ ಸುರಿದು, ಈ ಕಡೆ ದಾಟುವ ಹೊತ್ತಿಗೆ ಹಗುರಾಗಿರುತ್ತದೆ. ಕಡೂರು, ಅರಸೀಕೆರೆ ತಾಲ್ಲೂಕುಗಳು ಮಳೆನೆರಳಿನ ಸೀಮೆ. ಗುಡ್ಡದ ಮೇಲೆ ಬಿದ್ದ ನೀರು ಹಳ್ಳವಾಗಿ ಪೂರ್ವಕ್ಕೆ ಇಳಿಯುತ್ತದೆ. ಅದನ್ನು ಅಲ್ಲಲ್ಲೇ ಏರಿ ಕಟ್ಟಿ ಹಿಡಿದರೆ ಮಾತ್ರ ಊರು, ಗದ್ದೆ, ತೋಟ. ಒಂದು ಕೆರೆ ಕೋಡಿ ಬಿದ್ದರೆ, ಅಂದರೆ ತುಂಬಿ ಹರಿದರೆ, ಆ ನೀರು ಕೆಳಗಿನ ಕೆರೆಗೆ, ಅದು ತುಂಬಿದರೆ ಇನ್ನೊಂದಕ್ಕೆ. ಮಲೆನಾಡಿನಲ್ಲಿ ಕೆರೆ ಇಲ್ಲದೆಯೂ ಊರು ಬದುಕಬಹುದು. ಇಲ್ಲಿ ಆಗುವುದಿಲ್ಲ. ಅದಕ್ಕೇ ಇಲ್ಲಿನ ಊರುಗಳನ್ನು ದೇವಸ್ಥಾನದಿಂದಲ್ಲ, ಕೆರೆಯಿಂದ ನೋಡಲು ಶುರು ಮಾಡಿ ಅಂತ ನಾನು ಕೇಳಿದವರಿಗೆಲ್ಲ ಹೇಳುತ್ತೇನೆ. ಏರಿ ಮೇಲೆ ನಿಂತು ಒಂದು ಕಡೆ ನೀರು, ಇನ್ನೊಂದು ಕಡೆ ಅಚ್ಚುಕಟ್ಟು, ಅಂದರೆ ಆ ನೀರಲ್ಲಿ ಬೆಳೆಯುವ ಗದ್ದೆ ತೋಟ, ನೋಡಿದರೆ ಊರು ಅಲ್ಲೇ ಯಾಕೆ ಇದೆ ಅನ್ನೋದು ಯಾರೂ ಹೇಳದೆ ಅರ್ಥವಾಗುತ್ತದೆ. ಗುಡಿ ಆಮೇಲೆ ನೋಡಬಹುದು. ಅದೆಲ್ಲೂ ಓಡಿ ಹೋಗುವುದಿಲ್ಲ.

ಹೊರಡುವ ಮುಂಚೆ ಒಂದು ಕೆಲಸ. ಈ ವರ್ಷ ಕೆರೆಗಳಲ್ಲಿ ನೀರಿದೆಯಾ ಅಂತ ವಿಚಾರಿಸಿ. ಹಿಂಗಾರು ಚೆನ್ನಾಗಿ ಆದ ವರ್ಷ ಡಿಸೆಂಬರ್‌ನಲ್ಲಿ ಕೆರೆ ತುಂಬಿರುತ್ತದೆ, ಹಕ್ಕಿಯೂ ಇರುತ್ತದೆ. ಮಳೆ ಕೈಕೊಟ್ಟ ವರ್ಷ ಕೆರೆ ಅಂಗಳದಲ್ಲಿ ದನ ಮೇಯುತ್ತಿರುತ್ತವೆ, ಹುಡುಗರು ಕ್ರಿಕೆಟ್ ಆಡುತ್ತಿರುತ್ತಾರೆ. ಹಾಸನದಲ್ಲಿ ಅರಸೀಕೆರೆ, ಕಡೂರು ಕಡೆಯ ನೆಂಟರು ಇಲ್ಲದವರು ಯಾರಿದ್ದಾರೆ? ಒಂದು ಫೋನ್ ಮಾಡಿದರೆ ಸಾಕು. ಇಂಟರ್‌ನೆಟ್ಟಿನ ಫೋಟೋ ನಂಬಬೇಡಿ, ಅದು ಯಾವ ವರ್ಷದ್ದೋ ಏನೋ.

ಮೊದಲ ದಿನ ಬೆಳಗ್ಗೆ ತಿಂಡಿ ಮನೆಯಲ್ಲೇ ತಿಂದು ಹೊರಡಿ. ಬೇಲೂರು ರಸ್ತೆಯಲ್ಲಿ ಹೋಗಿ ದೊಡ್ಡಗದ್ದವಳ್ಳಿಯ ಅಡ್ಡರಸ್ತೆಗೆ ತಿರುಗಿ. ಹಾಸನದಿಂದ ಅರ್ಧ ಗಂಟೆ ದಾರಿ. ಆದರೂ ಹಾಸನದಲ್ಲೇ ಹುಟ್ಟಿ ಬೆಳೆದವರು ಎಷ್ಟೋ ಜನ ಇದನ್ನು ನೋಡಿಲ್ಲ. ಊರು ತೀರಾ ಚಿಕ್ಕದು. ಊರಾಚೆ ಕೆರೆ, ಕೆರೆಗೆ ಒತ್ತಿಕೊಂಡಂತೆ ಲಕ್ಷ್ಮೀದೇವಿ ಗುಡಿ. 12ನೇ ಶತಮಾನದ ಆರಂಭದ್ದು, ಅಂದರೆ 1117ರ ಬೇಲೂರು ಚೆನ್ನಕೇಶವನಿಗಿಂತ ಸ್ವಲ್ಪ ಹಿಂದಿನದು. ಕಟ್ಟಿಸಿದವರು ರಾಜರಲ್ಲ. ಕುಲ್ಲಹಣ ರಾಹುತ ಎಂಬ ವ್ಯಾಪಾರಿ ಮತ್ತು ಅವನ ಹೆಂಡತಿ ಸಹಜಾದೇವಿ. ನಾಲ್ಕು ಗರ್ಭಗುಡಿ, ನಾಲ್ಕು ಶಿಖರ. ಬೇಲೂರಿನ ಹಾಗೆ ಗೋಡೆ ತುಂಬ ಕೆತ್ತನೆ ಇರಬಹುದು ಅಂದುಕೊಂಡು ಹೋದರೆ ನಿರಾಸೆಯಾಗುತ್ತದೆ. ಇಲ್ಲಿ ಶಿಖರಗಳೇ ಚೆನ್ನ. ಮಗಳಿಗೆ ಒಳಗಿನ ಕಾಳಿ ಗುಡಿಯ ಬಾಗಿಲಲ್ಲಿ ನಿಂತಿರುವ ಬೇತಾಳಗಳನ್ನು ತೋರಿಸಿ. ಎಲುಬು ಕಾಣುವ ಮೈ, ಆಳೆತ್ತರ. ಮಕ್ಕಳು ಮೊದಲು ಹೆದರುತ್ತಾರೆ, ಆಮೇಲೆ ಅಲ್ಲಿಂದ ಬರುವುದೇ ಇಲ್ಲ.

ಅಲ್ಲಿ ಒಂದೂವರೆ ಗಂಟೆ ಸಾಕು. ಮತ್ತೆ ಬೇಲೂರು ರಸ್ತೆಗೆ ಬಂದು ಹಗರೆಯಲ್ಲಿ ಬಲಕ್ಕೆ ತಿರುಗಿದರೆ ಹಳೇಬೀಡು.

ಹಳೇಬೀಡು ಕಡೆಗಣಿಸಿದ ಊರಾ ಅಂತ ನೀವು ಕೇಳಬಹುದು. ದೇವಸ್ಥಾನವನ್ನು ಯಾರೂ ಕಡೆಗಣಿಸಿಲ್ಲ, ಅದು 2023ರಲ್ಲಿ ಬೇಲೂರು, ಸೋಮನಾಥಪುರದ ಜೊತೆ ಯುನೆಸ್ಕೋ ಪಟ್ಟಿಗೂ ಸೇರಿದೆ. ಆದರೆ ಊರು ಮಾತ್ರ ನಿಜವಾಗಲೂ ಕಡೆಗಣಿಸಿದ್ದೇ. ಬಸ್ಸಿನಲ್ಲಿ ಬಂದವರು ಹೊಯ್ಸಳೇಶ್ವರ ನೋಡಿ, ಗೇಟಿನ ಹೊರಗೆ ಎಳನೀರು ಕುಡಿದು, ಒಂದೂವರೆ ಗಂಟೆಯಲ್ಲಿ ಬೇಲೂರಿಗೆ ಹೊರಟಿರುತ್ತಾರೆ. ಪಕ್ಕದಲ್ಲೇ ಇರುವ ದೊಡ್ಡ ಕೆರೆಯ ಕಡೆ ತಿರುಗಿಯೂ ನೋಡಿರುವುದಿಲ್ಲ. ಹೊಯ್ಸಳರ ರಾಜಧಾನಿಯ ಹೆಸರೇ ದೋರಸಮುದ್ರ. ಕೆರೆಯ ಹೆಸರೇ ರಾಜಧಾನಿಗೂ ಬಂತು. 1121ರ ಸುಮಾರಿಗೆ ಶುರುವಾದ ದೇವಸ್ಥಾನವನ್ನೂ ಆ ಕೆರೆಯ ದಂಡೆಯಲ್ಲೇ ಎಬ್ಬಿಸಿದರು. 1311ರಲ್ಲಿ ಮಲಿಕ್ ಕಾಫರನ ದಂಡು ಬಂತು, ಆಮೇಲೆ ರಾಜಧಾನಿಯೂ ಹೋಯಿತು. ಕೆರೆ ಉಳಿದುಕೊಂಡಿದೆ.

ಆದ್ದರಿಂದ ಹಳೇಬೀಡಿನಲ್ಲಿ ಒಂದು ರಾತ್ರಿ ಉಳಿಯಿರಿ. ಇದು ನನ್ನ ಮುಖ್ಯ ಸಲಹೆ. ದೇವಸ್ಥಾನದ ಎದುರಿಗೇ ಪ್ರವಾಸೋದ್ಯಮ ನಿಗಮದ ಮಯೂರ ಶಾಂತಲಾ ಇದೆ. ಕೋಣೆಗಳು ಕಡಿಮೆ, ಮೊದಲೇ ಕಾದಿರಿಸಿ. ಸಿಗದಿದ್ದರೆ 16 ಕಿಲೋಮೀಟರ್ ದೂರದ ಬೇಲೂರಿನಲ್ಲಿ ಮಲಗಿ ಬೆಳಗ್ಗೆ ಬೇಗ ವಾಪಸ್ ಬನ್ನಿ. ಮಧ್ಯಾಹ್ನ ಊಟ ಮುಗಿಸಿ ಅತ್ತೆಯವರು ಒಂದು ನಿದ್ದೆ ತೆಗೆಯಲಿ. ಬಿಸಿಲು ಇಳಿದ ಮೇಲೆ ಬಸದಿಹಳ್ಳಿಯ ಜೈನ ಬಸದಿಗಳಿಗೆ ಹೋಗಿ. ಪಾರ್ಶ್ವನಾಥ ಬಸದಿಯ ಒಳಗಿನ ಕಂಬಗಳು ಎಷ್ಟು ನುಣುಪೆಂದರೆ ಮುಂದೆ ನಿಂತವರ ಮುಖ ಅದರಲ್ಲಿ ಕಾಣುತ್ತದೆ. ಅದೇ ದಾರಿಯಲ್ಲಿ ಮುಂದೆ 1219ರ ಕೇದಾರೇಶ್ವರ. ದೊಡ್ಡ ಗುಡಿಗೆ ಬಂದ ಹತ್ತು ಜನರಲ್ಲಿ ಒಬ್ಬರೂ ಇಲ್ಲಿಗೆ ಬರುವುದಿಲ್ಲ. ಸಂಜೆ ಐದರ ಮೇಲೆ ಕೆರೆ ಕಡೆ.

ಆ ಹೊತ್ತಿನಲ್ಲಿ ಕೆರೆ ಹತ್ತಿರ ಏನಿರುತ್ತದೆ ಅಂದರೆ, ದಿನಾ ಇರುವುದೇ. ಬಟ್ಟೆ ಒಗೆದು ಕಲ್ಲಿನ ಮೇಲೆ ಹರವಿದವರು ಒಣಗಿದ್ದನ್ನು ಮಡಚಿ ಬುಟ್ಟಿಗೆ ಹಾಕುತ್ತಿರುತ್ತಾರೆ. ಎಮ್ಮೆಗಳು ಕೊಂಬು, ಮೂಗು ಮಾತ್ರ ಮೇಲೆ ಬಿಟ್ಟು ನೀರಲ್ಲಿ ಕೂತಿರುತ್ತವೆ, ಕರೆಯಲು ಬಂದ ಹುಡುಗ ದಂಡೆಯಲ್ಲಿ ನಿಂತು ಕೂಗುತ್ತಿರುತ್ತಾನೆ. ಆಳ ಕಡಿಮೆ ಇರುವ ಕಡೆ ಬೆಳ್ಳಕ್ಕಿ, ಕೊಕ್ಕರೆ. ನಡುನೀರಲ್ಲಿ ಕಪ್ಪಗೆ ಚುಕ್ಕಿ ಚುಕ್ಕಿಯಾಗಿ ಕಾಣುವುದು ನಾಮದ ಕೋಳಿ, ಹಣೆ ಮೇಲೆ ಬಿಳಿ ನಾಮ ಇರುತ್ತದೆ. ಇನ್ನೂ ಸಣ್ಣದೊಂದು ಹಕ್ಕಿ ಕಂಡ ಹಾಗೆ ಮಾಡಿ ಮುಳುಗಿಬಿಡುತ್ತದೆ, ಅದು ಗುಳುಮುಳುಕ. ಎಲ್ಲಿ ಮೇಲೆ ಬರುತ್ತದೆ ಅಂತ ಮಗಳ ಜೊತೆ ಪಂದ್ಯ ಕಟ್ಟಿ. ನೀವು ಸೋಲುತ್ತೀರಿ.

ಮರುದಿನ ಹೊರಡುವ ಮುಂಚೆ ಹುಲಿಕೆರೆ ಕಲ್ಯಾಣಿಗೆ ಹೋಗಿ. ಹಳೇಬೀಡಿನಿಂದ ಸ್ವಲ್ಪವೇ ದೂರ. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಹೊಯ್ಸಳರ ಕೊಳ, ಸುತ್ತ ಪುಟ್ಟ ಪುಟ್ಟ ಗುಡಿಗಳು. ಅತ್ತೆಯವರು ಇಳಿಯುವುದು ಬೇಡ, ಮೇಲೆ ನಿಂತರೂ ಪೂರ್ತಿ ಕಾಣುತ್ತದೆ.

ಎರಡನೇ ದಿನದ ಬೆಳವಾಡಿಗೆ ಅಲ್ಲಿಂದ 10-12 ಕಿಲೋಮೀಟರ್. ಇಲ್ಲಿಗೆ ಚಿಕ್ಕಮಗಳೂರು ಜಿಲ್ಲೆ ಶುರು. ವೀರನಾರಾಯಣ ದೇವಸ್ಥಾನದ ಬಾಗಿಲಲ್ಲೇ ಎರಡು ಕಲ್ಲಾನೆ. ಒಳಗೆ ವೀರನಾರಾಯಣ, ವೇಣುಗೋಪಾಲ, ಯೋಗಾನರಸಿಂಹ, ಹೀಗೆ ಮೂರು ಗರ್ಭಗುಡಿ. ಹೊಯ್ಸಳರ ಗುಡಿಗಳಲ್ಲಿ ಇಷ್ಟು ದೊಡ್ಡ ತೆರೆದ ಮಂಟಪ ಅಪರೂಪ. ತಂಪಾಗಿರುತ್ತದೆ, ಕಂಬಕ್ಕೆ ಒರಗಿ ಕೂತರೆ ಏಳುವ ಮನಸ್ಸಾಗುವುದಿಲ್ಲ. ಅತ್ತೆಯವರಿಗೆ ಈ ನಾಲ್ಕು ದಿನದಲ್ಲಿ ತುಂಬ ಹಿಡಿಸುವ ಜಾಗ ಇದೇ ಆಗಬಹುದು ಅಂತ ನನ್ನ ಅಂದಾಜು. ಮಹಾಭಾರತದ ಏಕಚಕ್ರನಗರ ಇದೇ, ಭೀಮ ಬಕಾಸುರನನ್ನು ಕೊಂದಿದ್ದು ಇಲ್ಲೇ ಅಂತ ಊರವರು ಹೇಳುತ್ತಾರೆ. ಇದೇ ಮಾತು ಹೇಳುವ ಊರುಗಳು ದೇಶದ ತುಂಬ ಇವೆ, ಇರಲಿ ಬಿಡಿ.

ಜಾವಗಲ್ಲಿಗೆ ಹೋದರೆ ಅಲ್ಲಿನ ಲಕ್ಷ್ಮೀನರಸಿಂಹ ಗುಡಿ ಅರ್ಧ ಗಂಟೆ ನೋಡಿ. ದಣಿದಿದ್ದರೆ ಬಿಟ್ಟರೂ ನಷ್ಟವಿಲ್ಲ, ಬೆಳವಾಡಿಯಿಂದಲೇ ಸಖರಾಯಪಟ್ಟಣದ ಕಡೆ ತಿರುಗಿಕೊಳ್ಳಿ. ಕವಿ ಲಕ್ಷ್ಮೀಶನ ದೇವನೂರು ಕೂಡ ಇದೇ ಸೀಮೆಯಲ್ಲಿದೆ. ನಿಮ್ಮ ಯಜಮಾನ್ರಿಗೆ ಹಳಗನ್ನಡ, ನಡುಗನ್ನಡದ ಹುಚ್ಚಿದ್ದರೆ ಸ್ವಲ್ಪ ಬಳಸಿ ಹೋಗಬಹುದು.

ಈ ದಿನದ ಮುಖ್ಯ ಜಾಗ ಅಯ್ಯನಕೆರೆ. ಸಖರಾಯಪಟ್ಟಣ ಚಿಕ್ಕಮಗಳೂರು-ಕಡೂರು ರಸ್ತೆಯಲ್ಲಿರುವ ಹಳೆಯ ಊರು. ಜನ ಸಕ್ಕರೆಪಟ್ಟಣ ಅಂತಲೂ ಅನ್ನುತ್ತಾರೆ. ಒಂದು ಕಾಲಕ್ಕೆ ಸಣ್ಣ ರಾಜ್ಯದ ರಾಜಧಾನಿ. ಈಗ ರಸ್ತೆ ಪಕ್ಕದ ಬಸ್‌ಸ್ಟ್ಯಾಂಡ್, ಎರಡು ಸಾಲು ಅಂಗಡಿ, ರಂಗನಾಥನ ಗುಡಿ. ಅಲ್ಲಿಂದ ಗುಡ್ಡದ ಕಡೆ ಕೆಲವು ಕಿಲೋಮೀಟರ್ ಒಳಗೆ ಹೋದರೆ ತಟ್ಟನೆ ಕೆರೆ ಎದುರಾಗುತ್ತದೆ. ರಾಜ್ಯದ ದೊಡ್ಡ ಕೆರೆಗಳಲ್ಲಿ ಇದೂ ಒಂದು. ಕಟ್ಟಿಸಿದವನು ಸಖರಾಯಪಟ್ಟಣದ ರುಕ್ಮಾಂಗದ ರಾಯ ಅನ್ನುತ್ತಾರೆ, ಹೊಯ್ಸಳರ ಕಾಲದಲ್ಲಿ 1156ರಲ್ಲಿ ದುರಸ್ತಿಯಾಯಿತು. ಆಚೆ ದಡದಲ್ಲಿ ಶಕುನಗಿರಿ, ಮೊನಚಾಗಿ ಒಂಟಿಯಾಗಿ ಎದ್ದಿರುವ ಗುಡ್ಡ. ಗಾಳಿ ಇಲ್ಲದ ಬೆಳಗ್ಗೆ ಅದರ ನೆರಳು ಪೂರ್ತಿ ನೀರಲ್ಲಿ ಬೀಳುತ್ತದೆ. ಮಧ್ಯಾಹ್ನ ಹೋದರೆ ಅಲೆ ಎದ್ದಿರುತ್ತದೆ, ನೆರಳು ಸಿಗುವುದಿಲ್ಲ. ನೀವು ಮಧ್ಯಾಹ್ನವೇ ತಲುಪುತ್ತೀರಿ. ಆದ್ದರಿಂದ ಆ ಸಂಜೆ ಒಮ್ಮೆ ನೋಡಿ, ಹತ್ತಿರದಲ್ಲೇ ಉಳಿದು ಬೆಳಗ್ಗೆ ಏಳಕ್ಕೆ ಇನ್ನೊಮ್ಮೆ ಬನ್ನಿ. ಒಂದೇ ಜಾಗಕ್ಕೆ ಎರಡು ಸಲ ಹೋಗಲು ಆಗದಿದ್ದರೆ ಪ್ರವಾಸಕ್ಕೆ ನಿಧಾನ ಅಂತ ಯಾಕೆ ಹೆಸರು?

ಏರಿ ಮೇಲೆ ನಡೆಯುವಾಗ ಸುಮ್ನೆ ನೀರು ನೋಡುತ್ತಾ ಹೋಗಬೇಡಿ, ಕೆರೆಯ ನೀರನ್ನು ಕಾಲುವೆಗೆ ಬಿಡುವ ತೂಬು ಎಲ್ಲಿದೆ ನೋಡಿ. ನೀರಿನೊಳಗಿಂದ ಎದ್ದಿರುವ ಕಲ್ಲು ಕಂಬ ಕಂಡರೆ ಅದರ ಕೆಳಗೆ ತೂಬಿನ ಬಾಯಿ ಇರುತ್ತದೆ. ಏರಿಯ ಈ ಕಡೆ ಇಳಿಜಾರಿನ ಬುಡದಲ್ಲಿ ನೀರು ನೊರೆಯೆಬ್ಬಿಸಿ ಕಾಲುವೆಗೆ ಬೀಳುತ್ತಿದ್ದರೆ ತೂಬು ಎತ್ತಿದ್ದಾರೆ ಅಂತ ಅರ್ಥ. ಯಾವ ತೂಬು, ಯಾವಾಗ, ಎಷ್ಟು ಹೊತ್ತು ಎತ್ತಬೇಕು ಅನ್ನೋದನ್ನು ಹಿಂದಿನಿಂದ ನೋಡಿಕೊಳ್ಳುತ್ತಾ ಬಂದವನು ನೀರುಗಂಟಿ. ಕೊನೆಯ ಗದ್ದೆಯವನಿಗೂ ನೀರು ಮುಟ್ಟಿಸುವ ಜವಾಬ್ದಾರಿ ಅವನದು. ಬೈಗುಳವೂ ಅವನಿಗೇ. ಏರಿಯ ಒಂದು ತುದಿಯಲ್ಲಿ ಕೋಡಿ. ತುಂಬಿ ಹೆಚ್ಚಾದ ನೀರು ಅಲ್ಲಿಂದ ಹೊರಗೆ. ನೀವು ಹೋದಾಗ ಕೋಡಿ ಬಿದ್ದಿದ್ದರೆ ಅದೃಷ್ಟ.

ಅಯ್ಯನಕೆರೆಗೆ ಒಂದು ಕತೆ ಇದೆ. ಕೆರೆ ಕಾಯುವವನಿಗೆ ಒಂದು ರಾತ್ರಿ ಕೆರೆಯ ದೇವತೆ ಕಾಣಿಸಿಕೊಂಡು, ಏರಿ ಒಡೆದುಕೊಂಡು ಹೋಗುತ್ತೇನೆ ಅಂದಳಂತೆ. ಅರಸರನ್ನು ಕೇಳಿ ಬರುತ್ತೇನೆ, ನಾನು ಬರುವವರೆಗೆ ನಿಲ್ಲು ತಾಯಿ ಅಂತ ಅವನು ಮಾತು ತೆಗೆದುಕೊಂಡ. ಅರಸ ಲೆಕ್ಕ ಹಾಕಿದ. ಇವನು ವಾಪಸ್ ಹೋಗದಿದ್ದರೆ ಅವಳೂ ಹೋಗುವ ಹಾಗಿಲ್ಲ. ಅಲ್ಲೇ ಅವನ ತಲೆ ತೆಗೆಸಿದ. ಕೆರೆ ಉಳಿಯಿತು. ಇಂಥ ಕತೆ ಬೇರೆ ಕೆರೆಗಳಿಗೂ ಇದೆ. ಮಗಳಿಗೆ ಹೇಳುವಾಗ ತಲೆ ತೆಗೆದ ಭಾಗ ಹೇಗೆ ಹೇಳಬೇಕು ಅನ್ನೋದು ನಿಮಗೆ ಬಿಟ್ಟಿದ್ದು. ಅತ್ತೆಯವರು ಹೇಳಿದರೆ ಇನ್ನೂ ಚೆನ್ನಾಗಿರುತ್ತದೆ.

ಇನ್ನೊಂದು ವಿಷಯ. ಇಲ್ಲಿಂದ ಹೊರಡುವ ನೀರು ವೇದಾ ಹೊಳೆ. ಗಿರಿಸಾಲಿನಿಂದಲೇ ಇಳಿಯುವ ಅವತಿ ಹೊಳೆ ಮದಗದ ಕೆರೆ ತುಂಬಿಸಿ ಬರುತ್ತದೆ. ಎರಡೂ ಕಡೂರಿನ ಹತ್ತಿರ ಸೇರಿ ವೇದಾವತಿ ಆಗುತ್ತವೆ. ಅದು ಚಿತ್ರದುರ್ಗ ಜಿಲ್ಲೆಗೆ ಹೋಗಿ ಹಿರಿಯೂರಿನ ವಾಣಿವಿಲಾಸ ಸಾಗರ ತುಂಬಿಸುತ್ತದೆ. 1933ರಲ್ಲಿ ಕೋಡಿ ಬಿದ್ದ ಆ ಜಲಾಶಯ ಮತ್ತೆ ಕೋಡಿ ಬಿದ್ದಿದ್ದು 2022ರಲ್ಲಿ. ನಡುವೆ 89 ವರ್ಷ. ಮದಗದ ಕೆರೆ ಎಮ್ಮೆದೊಡ್ಡಿ ಹತ್ತಿರ, ಕಾಡಂಚಿನಲ್ಲಿದೆ. ಚೆನ್ನಾಗಿದೆ, ಆದರೆ ಬೆಳಕಿರುವಾಗಲೇ ಹೋಗಿ ಬೆಳಕಿರುವಾಗಲೇ ವಾಪಸ್ ಬರಬೇಕು. ವಯಸ್ಸಾದವರು ಜೊತೆಗಿರುವಾಗ ನಾನಾದರೆ ಅದನ್ನು ಬಿಡುತ್ತೇನೆ.

ಅಯ್ಯನಕೆರೆ ಹತ್ತಿರ ಒಳ್ಳೆ ಲಾಡ್ಜ್ ಹುಡುಕಲು ಹೋಗಬೇಡಿ. ಕಡೂರಿನಲ್ಲೋ ಚಿಕ್ಕಮಗಳೂರಿನಲ್ಲೋ ಉಳಿಯಿರಿ. ಎರಡೂ ಸುಮಾರು 20 ಕಿಲೋಮೀಟರ್. ಚಿಕ್ಕಮಗಳೂರಿನಲ್ಲಿ ರಜೆಯ ದಿನ ಬಾಡಿಗೆ ಎರಡು ಪಟ್ಟು ಆಗಿರುತ್ತದೆ, ಆದ್ದರಿಂದ ಕಡೂರೇ ವಾಸಿ. ಹಿರೇಕೊಳಲೆ ಕೆರೆ ನೋಡೋಣ ಅಂತ ಯಾರಾದರೂ ಹೇಳಿದರೆ, ಅದು ಚಂದವೇ, ಗಿರಿಸಾಲು ಎದುರಿಗೇ ಕಾಣುತ್ತದೆ. ಆದರೆ ಈಗ ಅದು ಕಡೆಗಣಿಸಿದ ಜಾಗವಲ್ಲ. ರೀಲ್ಸ್ ಮಾಡುವವರ ಗುಂಪು ಬೆಳಗ್ಗೆಯೇ ಬಂದು ನಿಂತಿರುತ್ತದೆ. ಪೇಟೆಗೆ ಕುಡಿಯುವ ನೀರು ಕೊಡುವ ಕೆರೆಯ ದಂಡೆಯಲ್ಲಿ ಬಾಟಲಿ ಬಿಸಾಡಿ ಹೋಗುತ್ತಾರೆ, ನೋಡಿದರೆ ಸಿಟ್ಟು ಬರುತ್ತದೆ.

ಮೂರನೇ ದಿನ ಬೆಳಗ್ಗೆ ಅಯ್ಯನಕೆರೆ ಮುಗಿಸಿ ಕಡೂರು, ಬೀರೂರು ದಾಟಿ ತರೀಕೆರೆ. ದಾರಿಯುದ್ದಕ್ಕೂ ತೆಂಗು, ಅಡಿಕೆ, ನಡುನಡುವೆ ಬಯಲು. ತರೀಕೆರೆಯಿಂದ ಸುಮಾರು 10 ಕಿಲೋಮೀಟರ್ ಅಮೃತಾಪುರ. ಇದನ್ನು ತಪ್ಪಿಸಬೇಡಿ. 1196ರಲ್ಲಿ ಎರಡನೇ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ ಕಟ್ಟಿಸಿದ ಗುಡಿ. ಹಿಂದೆ ಕೆರೆ, ಸುತ್ತ ತೋಟ. ಮಂಟಪದ ಹೊರಗೋಡೆಯ ಒಂದು ಕಡೆ ರಾಮಾಯಣ, 70 ಫಲಕಗಳಲ್ಲಿ. ಇನ್ನೊಂದು ಕಡೆ ಕೃಷ್ಣನ ಬಾಲ್ಯ 25ರಲ್ಲಿ, ಮಹಾಭಾರತ 45ರಲ್ಲಿ. ಫಲಕಗಳು ಕಣ್ಣಿನ ಮಟ್ಟಕ್ಕಿವೆ, ಕತ್ತು ಎತ್ತಬೇಕಾಗಿಲ್ಲ. ಅತ್ತೆಯವರಿಗೆ ಕತೆ ಗೊತ್ತಿರುತ್ತದೆ, ಮೊಮ್ಮಗಳಿಗೆ ಕಣ್ಣು ಚುರುಕು. ಇಬ್ಬರನ್ನೂ ಗೋಡೆಯ ಮುಂದೆ ಬಿಟ್ಟು ನೀವಿಬ್ಬರು ಕೆರೆ ಕಡೆ ಹೋಗಿ ಬನ್ನಿ. ಒಂದು ಸೂಚನೆ, ರಾಮಾಯಣ ಇಲ್ಲಿ ಅಪ್ರದಕ್ಷಿಣವಾಗಿ ಸಾಗುತ್ತದೆ. ಮಾಮೂಲಿ ಸುತ್ತು ಹಾಕಿದರೆ ಕತೆ ಹಿಂದುಮುಂದಾಗುತ್ತದೆ. ಬಾಗಿಲ ಹತ್ತಿರ ಎದ್ದು ನಿಂತಿರುವ ದೊಡ್ಡ ಶಾಸನದಲ್ಲಿ ಕವಿಚಕ್ರವರ್ತಿ ಜನ್ನನ ಪದ್ಯಗಳಿವೆ. ಒಳಗಿನ ಛಾವಣಿಯ ಕೆಲಸದಲ್ಲಿ ಮಲ್ಲಿತಮ್ಮ ಎಂಬ ಶಿಲ್ಪಿಯ ಕೈಯಿದೆ. ಇದೇ ಮಲ್ಲಿತಮ್ಮನ ಕೆಲಸ 50 ವರ್ಷ ಆದಮೇಲೆ ಚನ್ನರಾಯಪಟ್ಟಣದ ನುಗ್ಗೇಹಳ್ಳಿಯಲ್ಲೂ ಸಿಗುತ್ತದೆ. ಎಷ್ಟು ಚಿಕ್ಕ ವಯಸ್ಸಿಗೆ ಇಲ್ಲಿ ಉಳಿ ಹಿಡಿದಿರಬೇಕು!

ಮಧ್ಯಾಹ್ನದ ಮೇಲೆ ಲಕ್ಕವಳ್ಳಿ. ಇದು ಕೆರೆಯಲ್ಲ, ಭದ್ರಾ ಜಲಾಶಯ. ಅಣೆಕಟ್ಟೆಯ ಹಿಂದೆ ಕಾಡು, ಗುಡ್ಡ, ನಡುವೆ ನಡುಗಡ್ಡೆಗಳು. ಇಲ್ಲಿನ ನಡುಗಡ್ಡೆಗಳಲ್ಲಿ ಬೇಸಿಗೆಯಲ್ಲಿ ರಿವರ್ ಟರ್ನ್ ಹಕ್ಕಿಗಳು ಸಾವಿರಗಟ್ಟಲೆ ಬಂದು ಮೊಟ್ಟೆಯಿಡುತ್ತವೆ. ಡಿಸೆಂಬರ್‌ನಲ್ಲಿ ಆ ಜಾತ್ರೆ ಇರುವುದಿಲ್ಲ. ಅಲ್ಲಿನ ಜಂಗಲ್ ಲಾಡ್ಜಸ್ ರೆಸಾರ್ಟ್ ದುಬಾರಿ, ನೀವು ಬೇಡ ಅಂದ ಲೆಕ್ಕಕ್ಕೇ ಸೇರುತ್ತದೆ. ಊರಲ್ಲಿ ಒಂದು ಟೀ ಕುಡಿದು, ನೀರು ಕಾಣುವ ಕಡೆ ಸ್ವಲ್ಪ ಹೊತ್ತು ಇದ್ದು, ಕತ್ತಲಾಗುವ ಮುಂಚೆ ತರೀಕೆರೆಗೆ ಬಂದು ಮಲಗಿ. ಅಮೃತಾಪುರದಲ್ಲೇ ಹೊತ್ತು ಹೋದರೆ ಲಕ್ಕವಳ್ಳಿ ಬಿಟ್ಟುಬಿಡಿ, ಬೇಜಾರು ಬೇಡ.

ನಾಲ್ಕನೇ ದಿನ ವಾಪಸ್. ಬೀರೂರು, ಕಡೂರು, ಬಾಣಾವರ, ಅರಸೀಕೆರೆ. ರಸ್ತೆ ಚೆನ್ನಾಗಿದೆ, ಬೇಗ ಸಾಗುತ್ತದೆ. ಅರಸೀಕೆರೆಯನ್ನು ನಾವೆಲ್ಲ ರೈಲು ಬದಲಿಸುವ ಜಂಕ್ಷನ್ ಅಂತಷ್ಟೇ ತಿಳಿದಿದ್ದೇವೆ. 1220ರ ಈಶ್ವರ ದೇವಸ್ಥಾನ ಅಲ್ಲಿದೆ ಅಂದರೆ ಸ್ಟೇಷನ್ನಿನಲ್ಲಿ ದಿನಾ ಓಡಾಡುವವರಿಗೂ ಆಶ್ಚರ್ಯವಾಗುತ್ತದೆ. ಅದರ ಮುಂದಿನ ತೆರೆದ ಮಂಟಪ 16 ಮೂಲೆಯ ನಕ್ಷತ್ರದ ಆಕಾರ, ಮೇಲೆ ಗುಮ್ಮಟ. ಹೊಯ್ಸಳರು ಇಂಥದ್ದನ್ನು ಬೇರೆಲ್ಲೂ ಮಾಡಿದಂತಿಲ್ಲ. ಒಳಗೆ ಸುತ್ತಲೂ ಕಲ್ಲಿನ ಜಗುಲಿ ಇದೆ. ಅಲ್ಲಿಂದ ಹಾಸನದ ಕಡೆ ಸುಮಾರು 8 ಕಿಲೋಮೀಟರ್ ಹೋದರೆ ಕೋಡಿಮಠದ ಊರಾದ ಹಾರನಹಳ್ಳಿ. 1235ರ ಸುಮಾರಿನ ಲಕ್ಷ್ಮೀನರಸಿಂಹ ಮತ್ತು ಸೋಮೇಶ್ವರ, ಎರಡು ಗುಡಿ. ಹೊತ್ತು ಮಿಕ್ಕಿದ್ದರೆ ಹಾಸನದ ಹೊಸ್ತಿಲಲ್ಲಿರುವ ಕೊರವಂಗಲದ ಬೂಚೇಶ್ವರ ನೋಡಿಕೊಂಡು ಮನೆ ಸೇರಿ. 1173ರದ್ದು. ಇಲ್ಲದಿದ್ದರೆ ಇನ್ನೊಂದು ಭಾನುವಾರ ಸ್ಕೂಟರಿನಲ್ಲೇ ಹೋಗಬಹುದು.

ಊಟದ ವಿಷಯ. ಸಣ್ಣ ಊರಿನ ಹೋಟೆಲುಗಳಲ್ಲಿ ಬೆಳಗ್ಗೆ ಒಂಬತ್ತೂವರೆ ಒಳಗೆ ತಿಂಡಿ ತಿನ್ನಿ, ಇಡ್ಲಿ, ಚಿತ್ರಾನ್ನ ಬಿಸಿ ಇರುತ್ತದೆ. ಹತ್ತೂವರೆಗೆ ಹೋದರೆ ಪಾತ್ರೆ ತೊಳೆಯುತ್ತಿರುತ್ತಾರೆ. ಡಿಸೆಂಬರ್ ಅಂದರೆ ಸೊಗಡವರೆ ಕಾಲ. ಮುದ್ದೆ ಊಟದ ಮನೆಗಳಲ್ಲಿ ಅವರೆಕಾಳು ಸಾರು ಇದೆಯಾ ಅಂತ ಬಾಯಿಬಿಟ್ಟು ಕೇಳಿ. ಕಡೂರು, ತರೀಕೆರೆ ಕಡೆ ಸಂಜೆ ಮಂಡಕ್ಕಿ, ಮೆಣಸಿನಕಾಯಿ ಬೋಂಡ ಸಿಗುತ್ತದೆ. ನೀವು ಮೀನು ತಿನ್ನುವವರಾದರೆ, ಕೆರೆಯಲ್ಲಿ ಬಲೆ ಎಳೆದ ದಿನ ಏರಿ ಮೇಲೆಯೇ ತೂಗಿ ಮಾರುತ್ತಾರೆ. ಆದರೆ ಲಾಡ್ಜಿಗೆ ತಂದು ಏನು ಮಾಡುತ್ತೀರಿ ಅನ್ನೋದನ್ನು ಮೊದಲು ಯೋಚಿಸಿ.

ಅತ್ತೆಯವರಿಗಾಗಿ ಒಂದು ಮಡಚುವ ಕುರ್ಚಿ ಡಿಕ್ಕಿಯಲ್ಲಿರಲಿ. ಕೆರೆ ಏರಿ ಮೇಲೆ ಕೂರಲು ಕಲ್ಲು ಬಿಟ್ಟರೆ ಬೇರೇನೂ ಇರುವುದಿಲ್ಲ, ತಗ್ಗಿನ ಕಲ್ಲಿನಿಂದ ಮಂಡಿನೋವಿನವರು ಏಳುವುದು ಕಷ್ಟ. ಶೌಚಾಲಯ ಹಳೇಬೀಡಿನಲ್ಲಿದೆ. ಮುಂದಿನ ಹಳ್ಳಿಗಳಲ್ಲಿ ನಂಬಿಕೊಳ್ಳಬೇಡಿ. ಪೇಟೆ ಸಿಕ್ಕಾಗ ಹೋಟೆಲ್ಲೋ ಪೆಟ್ರೋಲ್ ಬಂಕೋ ನೋಡಿ ಮುಗಿಸಿಕೊಳ್ಳಿ. ಹಳ್ಳಿ ಗುಡಿಗಳಿಗೆ ಬೀಗ ಹಾಕಿದ್ದರೆ ವಾಪಸ್ ಬರಬೇಡಿ. ಪಕ್ಕದ ಮನೆಯಲ್ಲಿ ಕೇಳಿದರೆ ಅರ್ಚಕರೋ ಕಾವಲುಗಾರರೋ ಎಲ್ಲಿದ್ದಾರೆ ಅಂತ ಹೇಳುತ್ತಾರೆ. ಅತ್ತೆಯವರೇ ಹೋಗಿ ಕೇಳಿದರೆ ಕೀಲಿಯ ಜೊತೆ ಕಾಫಿಯೂ ಬರುತ್ತದೆ.

ಸಣ್ಣ ಕಾರಿಗೆ ರಸ್ತೆ ತೊಂದರೆಯಿಲ್ಲ. ಆದರೆ ಈ ಕಾಲದಲ್ಲಿ ಒಂದು ಅಪಾಯವಿದೆ. ಕೊಯ್ಲಿನ ದಿನಗಳಲ್ಲಿ ರಾಗಿ, ಹುರುಳಿ ಕಟಾವು ಮಾಡಿ ರಸ್ತೆಯ ಮೇಲೆಯೇ ಹರವುತ್ತಾರೆ. ಓಡಾಡುವ ವಾಹನವೇ ರೋಣುಗಲ್ಲು. ರಾಗಿ ಹುಲ್ಲಿನ ಮೇಲೆ ನಿಧಾನವಾಗಿ ಹೋದರೆ ಪರವಾಗಿಲ್ಲ. ಹುರುಳಿ ಬಳ್ಳಿ ಹಾಗಲ್ಲ, ಚಕ್ರದ ಅಚ್ಚಿಗೆ, ಸೈಲೆನ್ಸರ್ ಪೈಪಿಗೆ ಸುತ್ತಿಕೊಳ್ಳುತ್ತದೆ. ಒಣಗಿದ ಬಳ್ಳಿ ಬಿಸಿ ಪೈಪಿಗೆ ತಾಗಿ ಕಾರು ಹೊತ್ತಿ ಉರಿದಿರುವ ಸುದ್ದಿ ಪೇಪರಿನಲ್ಲಿ ಆಗಾಗ ಬರುತ್ತದೆ. ದಪ್ಪಗೆ ಹಾಸಿದ್ದರೆ ಪಕ್ಕದಿಂದ ಹೋಗಿ. ಪಕ್ಕಕ್ಕೆ ಜಾಗವಿಲ್ಲದಿದ್ದರೆ ದಾಟಿದ ಮೇಲೆ ನಿಲ್ಲಿಸಿ, ಬಗ್ಗಿ ಕೆಳಗೆ ನೋಡಿ, ಸಿಕ್ಕಿಕೊಂಡಿದ್ದನ್ನು ಕೋಲಿನಿಂದ ಎಳೆದು ತೆಗೆಯಿರಿ. ಸುಟ್ಟ ವಾಸನೆ ಬಂದರೆ ಎಲ್ಲರೂ ಮೊದಲು ಕೆಳಗಿಳಿಯಿರಿ.

ಏರಿ ಮೇಲೆ ಕಾರು ಹತ್ತಿಸಬೇಡಿ. ಎದುರಿಗೆ ಟ್ರ್ಯಾಕ್ಟರ್ ಬಂದರೆ ತಿರುಗಿಸಲು ಜಾಗ ಇರುವುದಿಲ್ಲ. ನೀರಿಗೆ ಇಳಿಯುವುದಂತೂ ಬೇಡವೇ ಬೇಡ. ದಂಡೆಯಲ್ಲಿ ಮೊಣಕಾಲುದ್ದ ಕಂಡರೂ ಕೆಳಗೆ ಹೂಳು ಎಷ್ಟಿದೆ ಅಂತ ಗೊತ್ತಾಗುವುದಿಲ್ಲ. ಹೂಳೆತ್ತಲು ತೋಡಿದ ಗುಂಡಿಗಳು ಮಳೆ ಬಂದ ಮೇಲೆ ಕಾಣುವುದೂ ಇಲ್ಲ. ತೂಬಿನ ಹತ್ತಿರ ಮಗಳ ಕೈ ಹಿಡಿದುಕೊಂಡೇ ಇರಿ.

ಕೊನೆಗೆ ಶೆಟ್ಟಿಹಳ್ಳಿ. ಈ ಸುತ್ತಿಗೆ ಸೇರಿಸಬೇಡಿ, ಅದು ಗೊರೂರು ಕಡೆ, ಪೂರ್ತಿ ಬೇರೆ ದಿಕ್ಕು. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಚರ್ಚು, ಹೇಮಾವತಿ ಜಲಾಶಯದ ಹಿನ್ನೀರಿಗೆ ಸಿಕ್ಕಿ ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಮೇಲೇಳುತ್ತದೆ. ವರ್ಷವರ್ಷವೂ ನೆನೆದು ಒಣಗಿ ಗೋಡೆಗಳು ಸಡಿಲವಾಗಿವೆ, ಒಂದಷ್ಟು ಭಾಗ ಈಗಾಗಲೇ ಬಿದ್ದಿದೆ. ಡಿಸೆಂಬರ್‌ನಲ್ಲಿ ನೀರು ಇನ್ನೂ ಇದ್ದರೆ ದೂರದಿಂದ ನೋಡಲು ಚೆನ್ನ, ಒಳಗೆ ಹೋಗುವ ಪ್ರಶ್ನೆಯೇ ಇಲ್ಲ. ಹಾಸನದಿಂದ ಅರ್ಧ ದಿನದ ಕೆಲಸ ಅಷ್ಟೆ. ಮಾರ್ಚ್‌ನಲ್ಲಿ ಒಂದು ಭಾನುವಾರ ಬೆಳಗ್ಗೆ ಬೇಗ ಹೊರಡಿ, ಗೊರೂರಿನ ಯೋಗಾನರಸಿಂಹನನ್ನೂ ನೋಡಿಕೊಂಡು ಊಟದ ಹೊತ್ತಿಗೆ ಮನೆಗೆ ಬರಬಹುದು. ಚರ್ಚಿನ ಕಮಾನುಗಳ ಕೆಳಗೆ ಮಾತ್ರ ನಿಲ್ಲಬೇಡಿ.